ಬೆಟ್ಟ ಸಿಡಿದ ಮೇಲೆ ಬರುವ ಕೆಸರು

ನಮಸ್ಕಾರ. ಜ್ವಾಲಾಮುಖಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಕೆಂಪಗೆ ಹರಿಯುವ ಲಾವಾ, ಅಲ್ವಾ? ಆದರೆ ಲಾವಾಕ್ಕೆ ಸಿಕ್ಕಿ ಸಾಯುವವರು ತೀರಾ ಕಡಿಮೆ. ಎಷ್ಟೋ ಕಡೆ ಅದು ನಿಧಾನವಾಗಿ ತೆವಳುತ್ತದೆ, ಜನ ನಡೆದೇ ದೂರ ಹೋಗಬಹುದು. ಮನೆ, ರಸ್ತೆ ಹೋಗುತ್ತವೆ, ಜೀವ ಉಳಿಯುತ್ತದೆ. ನನಗೆ ಭಯ ಹುಟ್ಟಿಸುವುದು ಕೆಸರು.

ಮೊದಲು ಬೆಟ್ಟ ಯಾಕೆ ಸಿಡಿಯುತ್ತದೆ ಅಂತ ನೋಡೋಣ. ನೆಲದಾಳದಲ್ಲಿ ಕರಗಿದ ಬಂಡೆಗೆ ಮ್ಯಾಗ್ಮಾ ಅನ್ನುತ್ತಾರೆ. ಸುತ್ತಲಿನ ಬಂಡೆಗಿಂತ ಹಗುರವಾದ್ದರಿಂದ ಅದು ಮೇಲೇರುತ್ತದೆ. ಅದರೊಳಗೆ ನೀರಿನ ಆವಿ ಮತ್ತು ಬೇರೆ ಅನಿಲಗಳು ಕರಗಿಕೊಂಡಿರುತ್ತವೆ. ಮೇಲೆ ಬಂದಂತೆಲ್ಲ ಒತ್ತಡ ಇಳಿದು ಗುಳ್ಳೆ ಏಳುತ್ತವೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವುದೂ ಇದೇ. ಹವಾಯಿಯಲ್ಲಿರುವಂತೆ ಮ್ಯಾಗ್ಮಾ ತೆಳುವಾಗಿದ್ದರೆ ಅನಿಲ ಸಲೀಸಾಗಿ ಹೊರಬೀಳುತ್ತದೆ. ಸಿಲಿಕಾ ಅನ್ನುವ, ಮರಳಿನಲ್ಲೂ ಇರುವ ಅಂಶ ಜಾಸ್ತಿಯಿದ್ದು ಅಂಟಂಟಾಗಿದ್ದರೆ ಗುಳ್ಳೆಗಳು ಒಳಗೇ ಸಿಕ್ಕಿಕೊಂಡು, ಕೊನೆಗೆ ಮ್ಯಾಗ್ಮಾವನ್ನೇ ಪುಡಿಪುಡಿ ಮಾಡಿ ಸಿಡಿಸುತ್ತವೆ.

ಆ ಪುಡಿಯೇ ಬೂದಿ. ಬೂದಿ ಅನ್ನುವುದು ಸುಮ್ನೆ ಬಾಯಿರೂಢಿ. ಅಲ್ಲಿ ಸೌದೆ ಸುಟ್ಟಂತೆ ಏನೂ ಸುಟ್ಟಿರುವುದಿಲ್ಲ, ಇರುವುದೆಲ್ಲ ಗಾಜಿನ, ಕಲ್ಲಿನ ಸಣ್ಣ ಚೂರುಗಳು. 1982ರಲ್ಲಿ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕ ಒಂದು ವಿಮಾನದ ನಾಲ್ಕೂ ಎಂಜಿನ್ ನಿಂತುಹೋಗಿದ್ದವು. ಕೆಳಗಿಳಿದ ಮೇಲೆ ಮತ್ತೆ ಶುರುವಾದವು, ಪುಣ್ಯಕ್ಕೆ ಎಲ್ಲರೂ ಬದುಕಿದರು.

ಈ ಬೂದಿಗೆ ನೀರು ಸೇರಿತೋ, ಹಸಿ ಕಾಂಕ್ರೀಟಿನಂಥ ಕೆಸರಾಗಿ ನದಿ ಪಾತ್ರ ಹಿಡಿದು ಇಳಿಯುತ್ತದೆ. ದಾರಿಯಲ್ಲಿ ಸಿಕ್ಕ ಮಣ್ಣು, ಮರ, ಬಂಡೆ ಎಲ್ಲವನ್ನೂ ಎಳೆದುಕೊಂಡು ದಪ್ಪವಾಗುತ್ತಾ ಹೋಗುತ್ತದೆ. ಇದಕ್ಕೆ ಲಾಹಾರ್ ಅಂತ ಹೆಸರು. ಜಾವಾ ಭಾಷೆಯ ಮಾತು.

ಕೊಲಂಬಿಯಾದ ನೆವಾಡೊ ಡೆಲ್ ರುಯಿಸ್ 5,000 ಮೀಟರಿಗೂ ಎತ್ತರದ ಬೆಟ್ಟ. ತಲೆಯ ಮೇಲೆ ಸದಾ ಹಿಮ. 1985ರ ನವೆಂಬರ್ 13ರ ರಾತ್ರಿ ಒಂಬತ್ತರ ಸುಮಾರಿಗೆ ಅದು ಸಿಡಿಯಿತು. ಜ್ವಾಲಾಮುಖಿಗಳ ಲೆಕ್ಕದಲ್ಲಿ ದೊಡ್ಡ ಸ್ಫೋಟವೇನಲ್ಲ. ಆದರೆ ಕಾದ ಬೂದಿ, ಕಲ್ಲು ಹಿಮದ ಮೇಲೆ ಉರುಳಿದವು. ಕರಗಿದ ನೀರು ಕಣಿವೆಗಳಿಗೆ ನುಗ್ಗಿತು. ಸುಮಾರು ಎರಡೂವರೆ ಗಂಟೆಯ ನಂತರ ಕೆಸರು ಆರ್ಮೆರೋ ಪಟ್ಟಣಕ್ಕೆ ಬಂತು. ಜನ ಮನೆಯಲ್ಲಿದ್ದರು, ಎಷ್ಟೋ ಮಂದಿ ಮಲಗಿದ್ದರು. ಒಟ್ಟು ಸುಮಾರು 23,000 ಜನ ಸತ್ತರು.

ಆ ಎರಡೂವರೆ ಗಂಟೆ ನನ್ನನ್ನು ಕಾಡುತ್ತದೆ. ಎತ್ತರದ ಜಾಗಕ್ಕೆ ನಡೆದು ಹೋಗಲು ಅಷ್ಟು ಹೊತ್ತು ಸಾಕಾಗಿತ್ತು. ಅದಕ್ಕೂ ಒಂದು ತಿಂಗಳ ಹಿಂದೆಯೇ ತಜ್ಞರು ಅಪಾಯದ ನಕ್ಷೆ ಮಾಡಿದ್ದರು, ಅದರಲ್ಲಿ ಆರ್ಮೆರೋ ಕೂಡ ಇತ್ತು. ಅಂದು ಮಧ್ಯಾಹ್ನವೇ ಊರಿನ ಮೇಲೆ ಬೂದಿ ಉದುರಿತ್ತು. ಮನೆಯಲ್ಲೇ ಇರಿ, ಗಾಬರಿ ಬೇಡ ಅಂತ ಜನರಿಗೆ ಹೇಳಲಾಗಿತ್ತು. ಇನ್ನೊಂದು ಸಂಗತಿ ಕೇಳಿ. ಆ ಪಟ್ಟಣ ನಿಂತಿದ್ದದ್ದೇ 1845ರಲ್ಲಿ ಇದೇ ಬೆಟ್ಟದಿಂದ ಬಂದಿದ್ದ ಕೆಸರು ಒಣಗಿ ಆದ ನೆಲದ ಮೇಲೆ.

ಆರು ವರ್ಷದ ನಂತರ ಫಿಲಿಪೈನ್ಸ್‌ನ ಪಿನಾಟುಬೊ ಎದ್ದಿತು. ಅದು 500 ವರ್ಷ ಸುಮ್ಮನಿದ್ದ ಬೆಟ್ಟ. ಈ ಬಾರಿ ವಿಜ್ಞಾನಿಗಳು ನೆಲದ ಅದುರು, ಗಂಧಕದ ಅನಿಲ ಎಲ್ಲವನ್ನೂ ಅಳೆಯುತ್ತಾ ಕೂತರು. ಹೇಳಿದ್ದನ್ನು ಅಧಿಕಾರಿಗಳೂ ಕೇಳಿದರು. 1991ರ ಜೂನ್ 15ರ ಮಹಾಸ್ಫೋಟಕ್ಕೆ ಮೊದಲೇ ಹತ್ತಾರು ಸಾವಿರ ಜನರನ್ನು ಸಾಗಿಸಿದ್ದರು. ಆದರೂ ನೂರಾರು ಮಂದಿ ಸತ್ತರು. ಅದೇ ದಿನ ಚಂಡಮಾರುತವೂ ಬಂದು, ಸೂರಿನ ಮೇಲಿದ್ದ ಬೂದಿ ಮಳೆಗೆ ನೆನೆದು ಭಾರವಾಗಿತ್ತು. ಚಾವಣಿಗಳು ಕುಸಿದವು.

ಸ್ಫೋಟ ನಿಂತರೂ ಬೂದಿ ನಿಲ್ಲಲಿಲ್ಲ. ವರ್ಷ ವರ್ಷವೂ ಮಳೆಗಾಲದಲ್ಲಿ ಕೆಸರಾಗಿ ಇಳಿಯುತ್ತಲೇ ಇತ್ತು. 1995ರಲ್ಲಿ ಬಾಕೊಲೋರ್ ಊರನ್ನು ಹೂತುಹಾಕಿತು. ಅಲ್ಲಿಯ ಹಳೆಯ ಚರ್ಚು ಅರ್ಧದವರೆಗೆ ಮುಳುಗಿತು. ಕೆಸರು ಗಟ್ಟಿಯಾದ ಮೇಲೆ ಜನ ಅದನ್ನು ಕೆಡವಲಿಲ್ಲ. ಹಿಂದೆ ಕಿಟಕಿಗಳಿದ್ದ ಕಡೆಯಿಂದಲೇ ಈಗ ಒಳಗೆ ಹೋಗುತ್ತಾರೆ.