ಲೀಟರ್ ಹಲಗೆಯದು, ತೇಲಿಸುವುದು ನೀರು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ವಿಂಡ್‌ಸರ್ಫಿಂಗ್ ಬಗ್ಗೆ ಮಾತಾಡುತ್ತೇನೆ ಅಂದಾಗ ಕೆಲವರು ನಕ್ಕರು. ಸಮುದ್ರ ಬೇಕಾದರೆ ಘಾಟಿ ಇಳಿಯಬೇಕು, ನಿಜ. ಆದರೆ ಶೆಟ್ಟಿಹಳ್ಳಿ ಹಿನ್ನೀರಲ್ಲಿ ಹರಿಗೋಲು ಹತ್ತಿದವರಿಗೆ ಅರ್ಧ ವಿಷಯ ಆಗಲೇ ಗೊತ್ತಿದೆ. ಒಬ್ಬೊಬ್ಬರೇ ಹತ್ತಿದ ಹಾಗೆ ಅದು ಬೆರಳಷ್ಟು ಬೆರಳಷ್ಟೇ ಕೆಳಗಿಳಿಯುತ್ತದೆ ಅಲ್ವಾ?

ವಿಂಡ್‌ಸರ್ಫಿಂಗ್ ಅಂದರೆ ಹಾಯಿ ಸಿಕ್ಕಿಸಿದ ಹಲಗೆಯ ಮೇಲೆ ನಿಂತು ಗಾಳಿಯಲ್ಲಿ ಓಡುವುದು. ಹಲಗೆಯ ಮೇಲೆ 90, 120, 200 ಅಂತ ಲೀಟರ್ ಬರೆದಿರುತ್ತಾರೆ. ಅದು ಗಾತ್ರ. ಅದನ್ನೇ ತೇಲಿಸುವ ಬಲ ಅಂದುಕೊಂಡರೆ ಎಡವಟ್ಟು.

ಇಲ್ಲಿ ನೋಡಿ, ಬಕೆಟ್ ನೀರು, ಮುಚ್ಚಳ ಬಿಗಿದ ಒಂದು ಲೀಟರಿನ ಖಾಲಿ ಬಾಟಲಿ. ಮೇಜಿನ ಮೇಲೂ ಅದು ಒಂದು ಲೀಟರೇ, ಆದರೆ ಎತ್ತಲು ನೀರಿಲ್ಲ. ಬಕೆಟ್ಟಿಗೆ ಬಿಟ್ಟೆ. ಸುಮ್ನೆ ಮಲಗಿದೆ. ನೀರು ಎತ್ತುತ್ತಿರುವುದು ಬಾಟಲಿಯ ತೂಕವನ್ನಷ್ಟೇ, ಕೆಲವೇ ಗ್ರಾಂ. ಅರ್ಧ ಮುಳುಗಿಸಿದರೆ ನೀರು ಅರ್ಧ ಕಿಲೋದಷ್ಟು ತಳ್ಳುತ್ತದೆ. ಪೂರ್ತಿ ಮುಳುಗಿಸಿದರೆ ಒಂದು ಕಿಲೋ. ಇನ್ನೂ ಆಳಕ್ಕೆ ಒತ್ತಿದರೂ ಅಷ್ಟೇ. ಎಷ್ಟು ನೀರನ್ನು ಪಕ್ಕಕ್ಕೆ ಸರಿಸಿತೋ ಅಷ್ಟು ನೀರಿನ ತೂಕ. ಆರ್ಕಿಮಿಡೀಸ್ ಹೇಳಿ 2000 ವರ್ಷ ದಾಟಿದೆ.

ಇದೆಲ್ಲ ಶಾಲೆಯಲ್ಲಿ ಓದಿಯೂ ನಾನು ಗೋವಾದಲ್ಲಿ ಮುಳುಗಿದೆ. ನನ್ನ ತೂಕ 72 ಕಿಲೋ, 90 ಲೀಟರಿನ ಹಲಗೆ ಸಾಕು ಅಂದುಕೊಂಡೆ. ಹಲಗೆಯದೇ 7 ಕಿಲೋ, ಕಂಬ, ಹಾಯಿ ಸೇರಿ 9. ಒಟ್ಟು 88. ಉಪ್ಪುನೀರು ಸ್ವಲ್ಪ ಭಾರ, ಹಾಗಾಗಿ 90 ಲೀಟರ್ ಅಲ್ಲಿ ಸುಮಾರು 92 ಕಿಲೋ ಎತ್ತುತ್ತದೆ. ಗೊರೂರಿನ ಸಿಹಿನೀರಲ್ಲಾದರೆ 90 ಮಾತ್ರ. ಗೋವಾದಲ್ಲಿ ನನಗೆ ಉಳಿದ ಆ ನಾಲ್ಕು ಕಿಲೋವನ್ನು ಒದ್ದೆ ಬಟ್ಟೆ, ಲೈಫ್ ಜಾಕೆಟ್ ತಿಂದು ಹಾಕಿದವು. ತಮಾಷೆ ಏನಂದರೆ, ನಿಂತಿರುವ ತನಕ ಜಾಕೆಟ್ ಬರೀ ಹೊರೆ. ನೀರಿಗೆ ಬಿದ್ದ ಮೇಲೇ ಅದು ನಮ್ಮನ್ನು ಎತ್ತುವುದು. ನನ್ನನ್ನು ಎತ್ತಿತು.

ಕಲಿಯುವವರಿಗೆ 200 ಲೀಟರಿನ ಹಲಗೆ ಯಾಕೆ ಕೊಡುತ್ತಾರೆ? ಅದರ ಮೇಲೆ ನಿಂತರೂ ನೀರು ಎತ್ತುವುದು ನಮ್ಮ, ಹಲಗೆಯ, ಹಾಯಿಯ ಒಟ್ಟು ತೂಕವನ್ನಷ್ಟೇ. ಮಿಕ್ಕ ಗಾತ್ರ ನೀರಿನ ಮೇಲೆ ಒಣಗಿಕೊಂಡಿರುತ್ತದೆ. ಆದರೆ ದಂಡ ಅಲ್ಲ. ಒಂದು ಕಡೆ ವಾಲಿದಾಗ ಆ ಕಡೆಯ ಒಣ ಭಾಗ ಮುಳುಗುತ್ತದೆ, ಅಲ್ಲಿ ಬಲ ಹೆಚ್ಚುತ್ತದೆ, ಹಲಗೆ ವಾಪಸ್ ನೆಟ್ಟಗಾಗುತ್ತದೆ. ಅದಕ್ಕೇ ಲೀಟರ್ ಎಷ್ಟು ಅನ್ನುವಷ್ಟೇ, ಆ ಲೀಟರ್ ಹಲಗೆಯ ಯಾವ ಭಾಗದಲ್ಲಿದೆ ಅನ್ನುವುದೂ ಮುಖ್ಯ.

ಪಳಗಿದವರು ತಮ್ಮ ತೂಕಕ್ಕಿಂತ ಕಡಿಮೆ ಲೀಟರಿನ ಹಲಗೆಯಲ್ಲೂ ಹೋಗುತ್ತಾರೆ. ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದರೆ ಕುಪ್ಪಳಿಸಿಕೊಂಡು ಹೋಗುತ್ತದಲ್ಲ, ಹಾಗೆ. ವೇಗದಲ್ಲಿ ನೀರು ಹಲಗೆಯ ತಳಕ್ಕೆ ಬಡಿದು ಎತ್ತುತ್ತದೆ. ಆಗ ಹಲಗೆ ಬಹುಪಾಲು ನೀರಿನ ಮೇಲಿರುವುದರಿಂದ ತೇಲಿಸುವ ಬಲ ಕಡಿಮೆಯೇ. ಗಾಳಿ ನಿಂತರೆ ಮುಳುಗಿದರು. ಮತ್ತೆ ಹಾಯಿಗೆ ಗಾಳಿ ಹಿಡಿಸಿ ನೀರಿನಿಂದಲೇ ಎದ್ದು ನಿಲ್ಲಬೇಕು. ವಾಟರ್‌ಸ್ಟಾರ್ಟ್ ಅನ್ನುತ್ತಾರೆ. ನನಗದು ಇನ್ನೂ ಬಂದಿಲ್ಲ. ಹಾಗಾಗಿ ಈಗಲೂ ಬಾಡಿಗೆಗೆ ತೆಗೆದುಕೊಳ್ಳುವುದು 140 ಲೀಟರಿನದ್ದೇ.