ತೇಲದ ದೋಣಿಗಳ ತಾಲೀಮು

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದನ್ನು ಒಮ್ಮೆ ಸರಿಯಾಗಿ ನೋಡಿ. ಮರಳು, ಮೊಣಕಾಲೆತ್ತರದ ಹುಲ್ಲು, ನಡುವೆ ಉದ್ದನೆಯ ಕಾಂಕ್ರೀಟ್ ಹಾಸು. ಯಾರೋ ಮನೆ ಕಟ್ಟಲು ಪಾಯ ಹಾಕಿ, ದುಡ್ಡು ಮುಗಿದು ಬಿಟ್ಟುಹೋದ ಹಾಗಿದೆ. ಇದು ದೋಣಿ. ಒಂದು ದಿನವೂ ನೀರು ಕಾಣದ ದೋಣಿ.

ಜಾಗ ಇಂಗ್ಲೆಂಡಿನ ನೈಋತ್ಯ ಕರಾವಳಿಯ ಡೆವನ್. ಬ್ರಾಂಟನ್ ಬರೋಸ್ ಎಂದು ಕರೆಯುವ ಸುಮಾರು 1000 ಹೆಕ್ಟೇರಿನ ಮರಳುದಿಬ್ಬಗಳ ಸೀಮೆ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಸೇನೆ ಪಕ್ಕದ ವೂಲಕೂಮ್ ಊರಿನಲ್ಲಿ ದಾಳಿ ತರಬೇತಿ ಕೇಂದ್ರ ತೆರೆದು, ಈ ದಿಬ್ಬಗಳನ್ನೂ ಅದಕ್ಕೆ ಸೇರಿಸಿಕೊಂಡಿತು. ಅಗಲವಾದ ಸಪಾಟು ಮರಳು, ದೂರದವರೆಗೆ ಹಿಂದೆ ಸರಿದು ಮತ್ತೆ ನುಗ್ಗಿ ಬರುವ ಉಬ್ಬರವಿಳಿತ: ಮುಂದೆ ದಾಳಿಗೆ ಇಳಿಯಬೇಕಿದ್ದ ಫ್ರಾನ್ಸಿನ ನಾರ್ಮಂಡಿ ತೀರಕ್ಕೂ ಇದಕ್ಕೂ ಅಷ್ಟೊಂದು ಹೋಲಿಕೆ.

ಸೈನಿಕರನ್ನು ದಡಕ್ಕೆ ಇಳಿಸುವ ದೋಣಿಗಳಿಗೆ ಆಗ ಎಲ್ಲ ರಂಗಗಳಲ್ಲೂ ಎಳೆದಾಟ. ಅದಕ್ಕೇ ದಿಬ್ಬಗಳ ನಡುವೆ ಅದೇ ಅಳತೆಯ ದೋಣಿಗಳನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದರು. ಅದರೊಳಗೆ ಸಾಲಾಗಿ ನಿಲ್ಲಬೇಕು, ಹೊರಗೆ ಓಡಬೇಕು, ವಾಪಸು ಬಂದು ಮತ್ತೆ ನಿಲ್ಲಬೇಕು. ಒಂದು ದೋಣಿಗೆ ಸುಮಾರು 30 ಜನರ ತಂಡ. ಬಂದೂಕಿನವನು ಯಾರ ಹಿಂದೆ, ಮುಳ್ಳುತಂತಿ ಕತ್ತರಿಸುವವನು ಎಲ್ಲಿ, ಬೆಂಕಿ ಉಗುಳುವ ಯಂತ್ರ ಹೊತ್ತವನು ಎಷ್ಟನೆಯವನು ಎಂಬುದೆಲ್ಲ ಕಾಲಿಗೆ ಬಾಯಿಪಾಠವಾಗುವವರೆಗೆ. ಆಮೇಲೆ ನಿಜವಾದ ಗುಂಡು, ನಿಜವಾದ ಸಿಡಿಮದ್ದು.

ನಮ್ಮ ನಾಡಿನಲ್ಲಿ ಕಾಳಗದಲ್ಲಿ ಬಿದ್ದವನಿಗೆ ವೀರಗಲ್ಲು ನೆಡುತ್ತಿದ್ದರು. ಗರಡಿಮನೆಯಲ್ಲಿ ಬೆವರು ಸುರಿಸಿದ್ದಕ್ಕೆ ಯಾರೂ ಕಲ್ಲು ನೆಟ್ಟಿದ್ದು ನಾನು ಕಂಡಿಲ್ಲ. ಇಲ್ಲಿ ಕಲ್ಲನ್ನು ನೆಡಬೇಕಾಗಿಯೇ ಇರಲಿಲ್ಲ. ಗರಡಿಯೇ ಕಲ್ಲಾಗಿ ಉಳಿದಿದೆ. ಯುದ್ಧದ ಸಿನಿಮಾಗಳಿಗಿಂತ ಈ ಹಾಸು ನನಗೆ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ. ಇದರಲ್ಲಿ ಹಿನ್ನೆಲೆ ಸಂಗೀತವಿಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗರು ಚಳಿಗಾಲದ ಗಾಳಿಯಲ್ಲಿ ಒಂದೇ ಕೆಲಸವನ್ನು ಬೇಸರ ಹತ್ತುವಷ್ಟು ಸಲ ಮಾಡಿದರು, ಅಷ್ಟೇ. ಅವರಲ್ಲಿ 29ನೇ ಪದಾತಿ ವಿಭಾಗದವರು 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಇಳಿದರು. ತರಬೇತಿ ಕೇಂದ್ರ ನಡೆಸಿದ ಪಾಲ್ ಥಾಂಪ್ಸನ್ ಕೂಡ ಅಂದು ಅದೇ ತೀರದಲ್ಲಿ ಗುಂಡೇಟು ತಿಂದರು. ಪಾಠ ಹೇಳಿದ ಮೇಷ್ಟರೂ ಪರೀಕ್ಷೆಗೆ ಕೂತಿದ್ದರು.

ದಿಬ್ಬಗಳ ಪಕ್ಕದ ನದೀಮುಖದ ಆಚೆ ದಡದ ಊರಿನದು ಇನ್ನೊಂದು ಕಥೆ. ಊರಿನ ಹೆಸರು ವೆಸ್ಟ್‌ವರ್ಡ್ ಹೋ!, ಆಶ್ಚರ್ಯಸೂಚಕ ಚಿಹ್ನೆ ನನ್ನದಲ್ಲ, ಹೆಸರಿನಲ್ಲೇ ಇದೆ. ಅಲ್ಲಿ ಬ್ರಿಟಿಷರು ಎರಡು ದೈತ್ಯ ಚಕ್ರಗಳ ನಡುವೆ ಸಿಡಿಮದ್ದು ತುಂಬುವ ಪೀಪಾಯಿ ಇಟ್ಟು, ಚಕ್ರದ ಸುತ್ತ ರಾಕೆಟ್ ಕಟ್ಟಿ ಉರುಳಿಸಿ ನೋಡಿದರು. ದೀಪಾವಳಿಯ ನೆಲಚಕ್ರಕ್ಕೆ ಹುಚ್ಚು ಹಿಡಿದಂತೆ ಅದು ಕಂಡಕಂಡಲ್ಲಿ ತಿರುಗಿ, ನೋಡಲು ಬಂದವರನ್ನೇ ಓಡಿಸಿತು. ಯುದ್ಧದಲ್ಲಿ ಬಳಸಲೇ ಇಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಉಳಿದಿರುವ ಕಾಂಕ್ರೀಟ್ ದೋಣಿಗಳು ಸಂರಕ್ಷಿತ ಪಟ್ಟಿಯಲ್ಲಿವೆ, ಸಂತೋಷ. ಆದರೆ ಯುದ್ಧ ಬಿಟ್ಟುಹೋದ ಗುರುತು ಅಷ್ಟಕ್ಕೇ ಮುಗಿಯುವುದಿಲ್ಲ. ಟ್ಯಾಂಕುಗಳೂ ಗುಂಡುಗಳೂ ದಿಬ್ಬಗಳ ಮೈಯನ್ನು ಹರಿದುಹಾಕಿದ್ದವು. ಮರಳು ಹಾರಿಹೋಗದಿರಲೆಂದು ಯುದ್ಧದ ನಂತರ ಮ್ಯಾರಮ್ ಹುಲ್ಲು ನೆಟ್ಟರು. ಹುಲ್ಲು ಬೇರೂರಿತು, ಪೊದೆ ಬೆಳೆಯಿತು, ದಿಬ್ಬಗಳು ಅಲ್ಲಾಡುವುದನ್ನೇ ಬಿಟ್ಟವು. ಬರಿಯ ಮರಳನ್ನೇ ನಂಬಿದ ಗಿಡಗಳಿಗೆ, ಕೀಟಗಳಿಗೆ ಜಾಗ ಕಡಿಮೆಯಾಯಿತು. ಮರಳನ್ನು ಮತ್ತೆ ಚಲಿಸಲು ಬಿಡಿ ಎಂದು ಈಗ ಪರಿಸರ ತಜ್ಞರೇ ಕೇಳುತ್ತಿದ್ದಾರೆ. ಬ್ರಿಟಿಷ್ ಸೇನೆ ಇಂದಿಗೂ ಅಲ್ಲಿ ತರಬೇತಿ ನಡೆಸುತ್ತದೆ. ಅದರ ವಾಹನಗಳು ಕೆದಕಿದ ಕಡೆ ಒಂದಿಷ್ಟು ನೆಲ ತೆರೆದುಕೊಂಡಿರುತ್ತದೆ ಎಂಬುದು ವಿಚಿತ್ರವಾದರೂ ನಿಜ.

ಹಾಗಾದರೆ ಮರಳು ಚಲಿಸಿ ದೋಣಿಗಳನ್ನೇ ಮುಚ್ಚಿಬಿಟ್ಟರೆ? ಮುಚ್ಚಲಿ ಎನ್ನುತ್ತೇನೆ. ಅಳತೆ ತೆಗೆದಿಡಿ, ಚಿತ್ರ ತೆಗೆದಿಡಿ, ಗುದ್ದಲಿ ಹಿಡಿದು ಪ್ರತಿ ವರ್ಷ ಹೂಳೆತ್ತಲು ಹೋಗಬೇಡಿ. ಸುತ್ತ ಕಬ್ಬಿಣದ ಬೇಲಿ, ಹೊಳೆಯುವ ಫಲಕ, ಟಿಕೆಟ್ ಕಿಟಕಿಯಂತೂ ಬೇಡವೇ ಬೇಡ. ಇದನ್ನು ಕೇಳಿ ಇತಿಹಾಸ ಪ್ರಿಯರು ನನ್ನ ಮೇಲೆ ಮುಗಿಬೀಳುತ್ತಾರೆಂದು ಗೊತ್ತು. ಬೀಳಲಿ.

ನಾನು ಹೋದ ದಿನ ಜೋರು ಗಾಳಿಯಿತ್ತು. ಅಮೆರಿಕನ್ ರಸ್ತೆ ಎಂದೇ ಹೆಸರಾದ ಮಣ್ಣುದಾರಿಯಲ್ಲಿ ನಡೆದು, ಒಂದು ದೋಣಿಯ ಮುಂತುದಿಯಲ್ಲಿ ನಿಂತೆ. ಎರಡೂ ಕಡೆ ಕೈ ಚಾಚಿ ಒಬ್ಬನ ಪಕ್ಕ ಒಬ್ಬ ಎಷ್ಟು ಜನ ಹಿಡಿಯಬಹುದೆಂದು ಲೆಕ್ಕ ಹಾಕುತ್ತಿದ್ದೆ. ಹಾಸಿನ ಒಂದು ಮೂಲೆಗೆ ಮರಳು ಆಗಲೇ ಏರಿತ್ತು. ಬೂಟಿನಿಂದ ಬದಿಗೆ ತಳ್ಳಿದೆ. ನಾನು ಹೊರಡುವ ಹೊತ್ತಿಗೆ ಅಲ್ಲಿ ಮತ್ತೆ ತೆಳುವಾಗಿ ಮರಳು ಕೂತಿತ್ತು.