ಕೊಂಡ ಬಸ್ಸು ಶೆಡ್ಡಿಗೆ ಯಾಕೆ ಹೋಯಿತು?

ಚಿತ್ರದುರ್ಗ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ಸಮಯ ಕಡಿಮೆ, ಒಂದೇ ಮಾತು ಹೇಳ್ತೀನಿ. ದೊಡ್ಡ ಕಂಪನಿ ಕೋಟಿಗಟ್ಟಲೆ ಸುರಿದು ಸಣ್ಣ ಕಂಪನಿ ಕೊಳ್ಳುತ್ತೆ, ವರ್ಷ ಎರಡು ವರ್ಷದಲ್ಲಿ ಬಾಗಿಲು ಹಾಕುತ್ತೆ. "ದುಡ್ಡು ಹೆಚ್ಚಾಗಿದೆಯಾ ಸಾರ್ ಅವರಿಗೆ?" ಅಂತ ಪ್ರತಿ ಬ್ಯಾಚಿನ ಹುಡುಗರೂ ಕೇಳ್ತಾರೆ. ಇಲ್ಲಪ್ಪಾ, ಕೊಂಡಿದ್ದೇ ಬೇರೆ!

ನಮ್ಮ ಖಾಸಗಿ ಬಸ್ಸಿನ ವ್ಯವಹಾರವನ್ನೇ ನೋಡಿ. ದಾವಣಗೆರೆ–ಜಗಳೂರು ರೂಟಿನಲ್ಲಿ ಒಬ್ಬರದು ಒಂದೇ ಬಸ್ಸು ಅಂತಿಟ್ಟುಕೊಳ್ಳಿ. ಹತ್ತು ಬಸ್ಸಿನ ಸಾಹುಕಾರರು ಅದನ್ನ ಕೊಂಡರು. ಮಾರನೇ ತಿಂಗಳು ಬಸ್ಸು ಶೆಡ್ಡಿನಲ್ಲಿ. ಅವರಿಗೆ ಬೇಕಿದ್ದದ್ದು ಪರ್ಮಿಟ್ಟು, ಬೆಳಗಿನ ಟೈಮಿಂಗು, ಪಳಗಿದ ಡ್ರೈವರು, ದಿನಾ ಕೈ ಅಡ್ಡ ಹಾಕೋ ಪ್ಯಾಸೆಂಜರು. ಮುಂದೆ ಓಡೋ ಬಸ್ಸು ಇನ್ನಿಲ್ಲ ಅನ್ನೋ ನೆಮ್ಮದಿ ಬೇರೆ.

ಟ್ಯಾಕ್ಸಿ ಬುಕ್ ಮಾಡಿಕೊಡ್ತಿದ್ದ ಬೆಂಗಳೂರಿನ ಟ್ಯಾಕ್ಸಿಫಾರ್‌ಶೂರ್ ನೆನಪಿದೆಯಾ? 2011ರಲ್ಲಿ ಶುರುವಾಗಿದ್ದು. ನನಗೆ ಬಹಳ ಮೆಚ್ಚಿನ ಕಂಪನಿ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ, ಕ್ಷಮಿಸಿ. ಓಲಾಗೆ ನೇರ ಎದುರಾಳಿ. ಓಲಾ ದರ ಇಳಿಸಿದರೆ ಇವರೂ ಇಳಿಸಬೇಕು, ಇಬ್ಬರ ಕೈಯಿಂದಲೂ ದುಡ್ಡು ಸೋರುತ್ತಿತ್ತು. 2015ರ ಮಾರ್ಚಿನಲ್ಲಿ ಓಲಾ ಇವರನ್ನ 20 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಲೆಕ್ಕದಲ್ಲಿ 1,200 ಕೋಟಿ ರೂಪಾಯಿಗೂ ಮಿಕ್ಕಿ! ಬೇರೆಯಾಗೇ ನಡೆಸ್ತೀವಿ ಅಂತಲೂ ಹೇಳಿದರು. ಆಮೇಲೆ ಓಲಾ ಮೈಕ್ರೋ ಅಂತ ತಮ್ಮದೇ ಅಗ್ಗದ ಕಾರು ಬಿಟ್ಟರು. 2016ರ ಆಗಸ್ಟಿಗೆ ಟ್ಯಾಕ್ಸಿಫಾರ್‌ಶೂರ್ ಹೆಸರೇ ಇಲ್ಲ. ಡ್ರೈವರುಗಳೂ ಗಿರಾಕಿಗಳೂ ಓಲಾದಲ್ಲಿ. ನಷ್ಟ ಎಲ್ಲಿ ಬಂತು ಹೇಳಿ? ಪೈಪೋಟಿ ನಿಂತಿತಲ್ಲ, ಕೊಂಡಿದ್ದೇ ಅದನ್ನ.

ಫೇಸ್‌ಬುಕ್ಕಿನ ಜುಕರ್‌ಬರ್ಗ್ 2008ರಲ್ಲೇ ಮೇಲ್‌ನಲ್ಲಿ ಬರೆದಿದ್ದರು: ಪೈಪೋಟಿಗಿಂತ ಕೊಂಡುಬಿಡೋದು ಮೇಲು. ಪೈಪೋಟಿ ಮುಗಿಸೋಕೆ ಕಂಪನಿ ಕೊಳ್ತಾರೆ ಅಂತ ಫೇಸ್‌ಬುಕ್ ಮೇಲೆ ಕೇಸು ಹಾಕಿದಾಗ ಅಮೆರಿಕ ಸರ್ಕಾರ ಕೋರ್ಟಿನಲ್ಲಿ ಅದನ್ನೇ ಮುಂದಿಟ್ಟಿತು. ಇನ್ನು ಕೆಲವು ಕಡೆ ಬೇಕಾಗಿರೋದು ಬರೀ ಎಂಜಿನಿಯರುಗಳು, ನಾನು ಹೇಳಿದ ಡ್ರೈವರ ಹಾಗೆ. ಅದರ ಕಥೆ ಹೇಳೋಕೆ ಟೈಮ್ ಇಲ್ಲ, ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ.

ಗಿರಾಕಿಯ ಪಾಡು ಮಾತ್ರ ಹೇಳಿಬಿಡ್ತೀನಿ. ಮನೆಯ ದೀಪ, ಬಾಗಿಲು ನಡೆಸೋ ರಿವಾಲ್ವ್ ಅನ್ನೋ ಪೆಟ್ಟಿಗೆಗೆ ಅಮೆರಿಕದ ಜನ 300 ಡಾಲರ್ ಕೊಟ್ಟಿದ್ದರು. 2014ರಲ್ಲಿ ಗೂಗಲ್ ಬಳಗದ ನೆಸ್ಟ್ ಆ ಕಂಪನಿಯನ್ನ ಕೊಂಡಿತು, 2016ರ ಮೇನಲ್ಲಿ ಆ ಪೆಟ್ಟಿಗೆಯನ್ನ ದೂರದಿಂದ ನಡೆಸ್ತಿದ್ದ ಕಂಪ್ಯೂಟರು, ಅಂದರೆ ಸರ್ವರ್ ನಿಲ್ಲಿಸಿತು. ಪೆಟ್ಟಿಗೆ ಸತ್ತುಹೋಯಿತು. ಅದಕ್ಕೇ ನೀವು ಅಂಗಡಿ ಲೆಕ್ಕ ಬರೆಯೋ ಆ್ಯಪನ್ನ ಯಾರಾದರೂ ಕೊಂಡ ಸುದ್ದಿ ಬಂದರೆ, ಆ ವಾರವೇ ಲೆಕ್ಕವನ್ನೆಲ್ಲ ಇಳಿಸಿಕೊಂಡು ಇಟ್ಟುಕೊಳ್ಳಿ. ನಮಸ್ಕಾರ.